ಲಲಿತಮ್ಮ ಏಡಿ ತೊಳೆದದ್ದು

ನನಗೆ ಏಡಿ ಕಂಡರಾಗದು. ಮೀನನ್ನಾದರೂ ಹೇಗೋ ದಾಟಿಕೊಂಡು ಹೋಗಬಹುದು, ಅದು ಸತ್ತು ಮಂಜುಗಡ್ಡೆಯ ಮೇಲೆ ತೆಪ್ಪಗೆ ಮಲಗಿರುತ್ತದೆ. ಏಡಿ ಹಾಗಲ್ಲ. ಎರಡು ಕಡ್ಡಿಗಳ ತುದಿಯಲ್ಲಿ ಕಣ್ಣಿಟ್ಟುಕೊಂಡು ನಮ್ಮನ್ನೇ ನೋಡುತ್ತದೆ, ಬಾಯಲ್ಲಿ ನೊರೆ ಕಾರುತ್ತದೆ, ಯಾವ ಕಡೆ ಓಡುತ್ತದೋ ಗೊತ್ತಾಗುವುದಿಲ್ಲ. ಅಂಥ ಹನ್ನೆರಡು ಏಡಿಗಳನ್ನು ನನ್ನ ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಕತಾರಿನ ಉತ್ತರ ತುದಿಯ ಅಲ್ ಶಮಾಲ್ ಬಂದರಿನಿಂದ ದೋಹಾದ ಅಲ್ ಹಿಲಾಲ್‌ವರೆಗೆ ನೂರು ಕಿಲೋಮೀಟರ್ ಬಂದೆ ಎಂದರೆ ಅದಕ್ಕೆ ಎದುರು ಮನೆಯ ಲಲಿತಮ್ಮನವರೇ ಕಾರಣ.

ಲಲಿತಮ್ಮ ಮೈಸೂರಿನವರು. ಗಂಡ ತಿರುಮಲೇಶ್ ಅವರ ಜೊತೆ ದೋಹಾಕ್ಕೆ ಬಂದು ಮೂವತ್ತು ವರ್ಷವಾಯಿತು. ಗಂಡ ತೀರಿಕೊಂಡ ಮೇಲೂ ಮಗ ಗಿರಿಧರನ ವೀಸಾದಲ್ಲಿ ಇಲ್ಲೇ ಉಳಿದರು. ಕನ್ನಡ ಸಂಘದ ಹಬ್ಬಗಳಲ್ಲಿ ಮುನ್ನೂರು ಜನರ ಬಿಸಿಬೇಳೆ ಭಾತ್ ಅವರ ಉಸ್ತುವಾರಿಯಲ್ಲೇ ಆಗಬೇಕು. ಇನ್ನು ಅವರ ತೊಳೆಯುವ ಗೀಳಂತೂ ಕಟ್ಟಡಕ್ಕೆಲ್ಲ ಗೊತ್ತು. ಬೇಳೆಯನ್ನು ಏಳು ನೀರಿನಲ್ಲಿ ತೊಳೆಯುತ್ತಾರೆ, ಹಾಲಿನ ಬಾಟಲಿಯನ್ನು ಸೋಪು ಹಾಕಿ ಉಜ್ಜಿದ ಮೇಲೇ ಫ್ರಿಜ್ಜಿಗೆ ಇಡುತ್ತಾರೆ. ಸೂಪರ್ ಮಾರ್ಕೆಟಿನಲ್ಲಿ ಮೀನಿನ ಸಾಲು ಹತ್ತಿರವಾದರೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಟ್ರಾಲಿ ತಿರುಗಿಸುತ್ತಾರೆ. ಮೂವತ್ತು ವರ್ಷದಲ್ಲಿ ಒಂದು ಸಲವೂ ಆ ಸಾಲಿಗೆ ಕಾಲಿಟ್ಟಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಅದರಲ್ಲಿ ನನಗೂ ಅವರಿಗೂ ಒಳ್ಳೆಯ ಹೊಂದಾಣಿಕೆ.

ಗಿರಿಧರ ಮದುವೆಯಾಗಿದ್ದು ಮಲ್ಪೆಯ ಮೋಕ್ಷಾಳನ್ನು. ಲಲಿತಮ್ಮ ಒಪ್ಪಿದರು, ಒಂದೇ ಷರತ್ತು ಹಾಕಿದರು: ಮನೆಯೊಳಗೆ ಮೀನು ಬರಕೂಡದು. ಕಡಲ ಪಕ್ಕದಲ್ಲೇ ಹುಟ್ಟಿ ಬೆಳೆದ ಆ ಹುಡುಗಿ ಎರಡು ವರ್ಷ ಒಂದು ಮಾತೂ ಆಡದೆ ಸಾರು ಪಲ್ಯ ತಿಂದಳು. ಈ ವರ್ಷ ಬಸುರಿಯಾದಳು, ಆಮೇಲೆ ಆ ಸಾರು ಪಲ್ಯವೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ.

ನಿಲ್ಲಲಿಲ್ಲ ಎಂದರೆ ಏನೂ ನಿಲ್ಲಲಿಲ್ಲ. ನೀರು ಕುಡಿದರೂ ವಾಂತಿ. ಮೂರನೇ ತಿಂಗಳಿಗೆ ಆರು ಕಿಲೋ ಇಳಿದಿದ್ದಳು. ಇನ್ನೊಂದು ವಾರ ನೋಡುತ್ತೇನೆ, ಊಟ ನಿಲ್ಲದಿದ್ದರೆ ಅಡ್ಮಿಟ್ ಮಾಡಿ ಡ್ರಿಪ್ ಹಾಕಲೇಬೇಕು, ಮಗುವಿಗೂ ಒಳ್ಳೆಯದಲ್ಲ ಎಂದು ಡಾಕ್ಟರ್ ನಹ್ಲಾ ಹೇಳಿ ಕಳಿಸಿದರು. ಗಿರಿಧರ ಕಂಪನಿ ಕೆಲಸಕ್ಕೆ ಮಸ್ಕತ್‌ನಲ್ಲಿದ್ದ. ಲಲಿತಮ್ಮ ಒಬ್ಬರೇ. ಬಸುರಿಯ ಬಯಕೆ ತೀರಿಸದೆ ಬಿಡಬಾರದು ಎನ್ನುವುದು ಅವರಿಗೆ ಶಾಸ್ತ್ರಕ್ಕಿಂತ ಹೆಚ್ಚು. ಬೆಳಗಾದರೆ ಸೊಸೆಯ ಮಂಚದ ಪಕ್ಕ ನಿಂತು ಏನು ತಿನ್ನಬೇಕು ಅನಿಸುತ್ತದೆ ಎಂದು ಕೇಳುವುದು, ಅವಳು ಏನೂ ಬೇಡ ಎನ್ನುವುದು, ಇವರು ಪುಳಿಯೋಗರೆ, ಕೋಡುಬಳೆ, ಹುಣಿಸೆ ಗೊಜ್ಜು ಎಂದು ತಾವೇ ಮಾಡಿ ಒಯ್ಯುವುದು, ಅವಳು ವಾಸನೆಗೇ ಬಾತ್‌ರೂಮಿಗೆ ಓಡುವುದು. ಹೀಗೆ ಹದಿನೆಂಟು ದಿನ ನಡೆಯಿತು, ಡಾಕ್ಟರ್ ಕೊಟ್ಟ ವಾರದಲ್ಲಿ ಇನ್ನು ಕೆಲವೇ ದಿನ ಉಳಿದಿತ್ತು.

ಹದಿನೆಂಟನೇ ದಿನ ನಾನೂ ಅಲ್ಲೇ ಇದ್ದೆ. ಮೋಕ್ಷಾ ಕಣ್ಣು ಬಿಡದೆ ಹೇಳಿದಳು: “ನಂಗೆ ಏಡಿ ಬೇಕು ಅತ್ತೆ. ಜೀವ ಇರುವ ಏಡಿ ತಂದು, ಉಪ್ಪು, ಅರಸಿನ, ಮೆಣಸು ಹಾಕಿ ಬೇಯಿಸಿದ್ದು. ಬೇರೆ ಎಂತದೂ ಬೇಡ.” ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅರ್ಧ ಗಂಟೆ ಬಿಟ್ಟು ಲಲಿತಮ್ಮ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ಜೀವ ಇರುವ ಏಡಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಹೋಟೆಲಿನಿಂದ ತರಿಸೋಣ ಎಂದೆ. ಬಸುರಿಗೆ ಹೋಟೆಲಿನದು ಕೊಡುವುದಿಲ್ಲ ಎಂದರು. ಕರಾವಳಿಯ ಗೆಳತಿಯರಲ್ಲಿ ಯಾರನ್ನಾದರೂ ಕೇಳೋಣವೆಂದರೆ ಜೂನ್ ತಿಂಗಳು, ಎಲ್ಲರೂ ರಜೆಗೆ ಊರಿಗೆ ಹೋಗಿದ್ದರು. ಕೊನೆಗೆ ಆಫೀಸಿನಲ್ಲಿ ಯಾರೋ ಹೇಳಿದ್ದು ನೆನಪಾಗಿ, ಅಲ್ ಶಮಾಲ್‌ನಲ್ಲಿ ದೋಣಿಯಿಂದಲೇ ಇಳಿಸಿ ಕೊಡುತ್ತಾರಂತೆ ಎಂದು ಬಾಯಿ ಬಿಟ್ಟೆ. ಆ ಬಾಯಿಗೆ ಬೀಗ ಹಾಕಿಕೊಳ್ಳಬೇಕಿತ್ತು.

ಶುಕ್ರವಾರ ಬೆಳಿಗ್ಗೆ ಬಂದರಿನಲ್ಲಿ ಕಾರಿನ ಬಾಗಿಲು ತೆಗೆದ ತಕ್ಷಣ ನಾತ ಮುಖಕ್ಕೆ ಬಡಿಯಿತು. ಬಿಸಿಲಿಗೆ ಒಣಗಿದ ಬಲೆ, ಕೊಳೆತ ಮೀನಿನ ತಲೆ, ಡೀಸೆಲ್ಲು, ಎಲ್ಲ ಸೇರಿದ ನಾತ. ಲಲಿತಮ್ಮ ಎರಡು ಹೆಜ್ಜೆ ಇಟ್ಟು ಗೋಡೆ ಹಿಡಿದು ವಾಂತಿ ಮಾಡಿಕೊಂಡರು. ಬಾಯಿ ತೊಳೆದು ಮತ್ತೆ ಮುಂದೆ ನಡೆದರು. ಅಲ್ಲಿ ದೋಣಿಯೊಂದರಲ್ಲಿ ಕೆಲಸಕ್ಕಿದ್ದ ಉಳ್ಳಾಲದ ರಿಝ್ವಾನ್ ಎಂಬಾತ ನಮ್ಮ ಕನ್ನಡ ಕೇಳಿ ಖುಷಿಯಾಗಿ, ಬುಟ್ಟಿಯಿಂದ ಹನ್ನೆರಡು ಏಡಿ ಆರಿಸಿ ಒದ್ದೆ ಗೋಣಿಚೀಲಕ್ಕೆ ಹಾಕಿ ಕೊಟ್ಟ. ಒಂದರ ಕೊಂಡಿಯಲ್ಲಿ ಗಾಳಕ್ಕೆ ಕಟ್ಟಿದ್ದ ಮೀನಿನ ಕರುಳು ಇನ್ನೂ ನೇತಾಡುತ್ತಿತ್ತು. ಕೆಸರು ಹೋಗುವ ಹಾಗೆ ಚೆನ್ನಾಗಿ ತೊಳೆಯಿರಿ ಎಂದ. ಇವರಿಗೆ ಅದನ್ನು ಹೇಳಬೇಕೇ? ದಾರಿಯುದ್ದಕ್ಕೂ ಡಿಕ್ಕಿಯಲ್ಲಿ ಪರ ಪರ ಕೆರೆಯುವ ಸದ್ದು. ಎಸಿ ಎಷ್ಟು ಹಾಕಿದರೂ ನನಗೆ ಮೈಯೆಲ್ಲ ಅಂಟಂಟು ಅನಿಸುತ್ತಿತ್ತು.

ಅಡುಗೆಮನೆಗೆ ಅವನ್ನು ಬಿಡುವ ಮಾತೇ ಇರಲಿಲ್ಲ. ವಾಷಿಂಗ್ ಮೆಷಿನ್ ಇರುವ ಹೊರಗಿನ ಬಾತ್‌ರೂಮಿನಲ್ಲಿ ಹಳೆಯ ಬಕೆಟ್ ಇಟ್ಟು ಲಲಿತಮ್ಮ ಚೀಲ ಬೋರಲು ಹಾಕಿದರು. ಕಪ್ಪು ರಾಡಿ, ಪಾಚಿ, ನೊರೆ, ಅದರೊಳಗೆ ಒಂದರ ಮೇಲೊಂದು ಹತ್ತುವ ಕಾಲುಗಳು. ಒಂದು ನೆಲಕ್ಕೆ ಬಿತ್ತು. ನಾನು ಕಮೋಡಿನ ಮೇಲೆ ಹತ್ತಿ ನಿಂತೆ. ನೋಡುವಷ್ಟರಲ್ಲಿ ಅದು ವಾಷಿಂಗ್ ಮೆಷಿನ್ ಹಿಂದೆ ನುಗ್ಗಿತ್ತು. ಹೋದರೆ ಹೋಗಲಿ, ಹನ್ನೊಂದು ಸಾಕು ಎಂದರು ಲಲಿತಮ್ಮ.

ಆಮೇಲೆ ಅವರು ಮಾಡಿದ್ದು, ನಾನು ನೋಡುತ್ತ ಸುಮ್ಮನಿದ್ದದ್ದು, ಇಬ್ಬರದೂ ತಪ್ಪೇ. ಹೂಕೋಸಿನ ಹುಳ ಬಿಡಿಸಲು ನಮ್ಮ ಕಡೆ ಎಲ್ಲರೂ ಏನು ಮಾಡುತ್ತೇವೆ? ಬಿಸಿನೀರು, ಒಂದು ಹಿಡಿ ಉಪ್ಪು, ಒಂದು ಚಮಚ ಅರಿಶಿನ, ಮೇಲೊಂದು ತಟ್ಟೆ ಮುಚ್ಚಿ ಸ್ವಲ್ಪ ಹೊತ್ತು ಬಿಡುವುದು. ಲಲಿತಮ್ಮ ಅದನ್ನೇ ಮಾಡಿದರು. ನೀರು ಕಾಯಿಸುವ ಕೆಲಸವೂ ಇರಲಿಲ್ಲ. ಜೂನ್‌ನಲ್ಲಿ ದೋಹಾದ ತಣ್ಣೀರಿನ ನಲ್ಲಿಯಲ್ಲಿ ಬರುವುದು ತಾರಸಿಯ ಟ್ಯಾಂಕಿನಲ್ಲಿ ಕಾದ ನೀರೇ, ಕೈ ಇಡಲಾಗುವುದಿಲ್ಲ. ತಟ್ಟೆ ಮುಚ್ಚಿ ಅದರ ಮೇಲೆ ಸೋಪಿನ ಪುಡಿಯ ಡಬ್ಬಿ ಇಟ್ಟರು. ತಟ್ಟೆ ಸ್ವಲ್ಪ ಹೊತ್ತು ಟಕಟಕ ಎಂದಿತು, ಆಮೇಲೆ ನಿಂತಿತು. ಕೊಳೆ ಬಿಡುತ್ತಿದೆ ಎಂದರು. ನಾನೂ ಹೌದೆಂದೆ.

ಅಷ್ಟಕ್ಕೇ ಅವರ ಮೈ ಮೈಲಿಗೆಯಾಗಿತ್ತು. ತಲೆಗೆ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಕ್ಷಮೆ ಕೇಳಿಕೊಂಡು ಬರುವಷ್ಟರಲ್ಲಿ ಒಂದು ಗಂಟೆ ದಾಟಿತ್ತು. ನಾನೂ ಮನೆಗೆ ಹೋಗಿ ಮೂರು ಸಲ ಕೈ ತೊಳೆದು ಬಂದೆ. ಅಷ್ಟರಲ್ಲಿ ವಾಸನೆಗೆ ಎಚ್ಚರವಾಗಿ ಮೋಕ್ಷಾ ಗೋಡೆ ಹಿಡಿದುಕೊಂಡು ಬಾತ್‌ರೂಮಿನ ಬಾಗಿಲಿಗೆ ಬಂದಿದ್ದಳು. ಬಕೆಟ್ ನೋಡಿ ನಂಬಲಾಗದೆ ನಿಂತಳು. ಬಗ್ಗಿ ತಟ್ಟೆ ತೆಗೆದಳು.

ಹಳದಿ ನೀರಿನ ಮೇಲೆ ಬೂದು ನೊರೆ ಕಟ್ಟಿತ್ತು. ಕಳಚಿದ ಕಾಲುಗಳು ಕಡ್ಡಿಗಳ ಹಾಗೆ ತೇಲುತ್ತಿದ್ದವು. ಹನ್ನೊಂದೂ ಹೊಟ್ಟೆ ಮೇಲೆ ಮಾಡಿಕೊಂಡಿದ್ದವು. ಅರಿಶಿನದ ಆವಿಗೆ ಸೇರಿದ ಆ ಕೊಳಕು ಉಪ್ಪುನಾತ ಇವತ್ತಿಗೂ ನನ್ನ ಮೂಗಿನಿಂದ ಹೋಗಿಲ್ಲ. ಹೂಕೋಸು ತರುವುದನ್ನೇ ಬಿಟ್ಟಿದ್ದೇನೆ.

“ಸತ್ತು ಇಷ್ಟು ಹೊತ್ತಾದ ಏಡಿ ಬೇಯಿಸುದಿಲ್ಲ ಅತ್ತೆ,” ಎಂದಳು ಮೋಕ್ಷಾ, ಮೆಲ್ಲಗೆ. “ಹೊಟ್ಟೆ ಕೆಡ್ತದೆ. ಬಿಸಾಡ್ಬೇಕು.”

ಲಲಿತಮ್ಮ ಒದ್ದೆ ನೆಲದ ಮೇಲೆ ಹಾಗೇ ಕುಳಿತುಬಿಟ್ಟರು, ಈಗಷ್ಟೇ ಉಟ್ಟ ಮಡಿ ಸೀರೆಯಲ್ಲಿ. ಅಲ್ಲಿಯವರೆಗೆ ಅವರಿಗೆ ಏಡಿಯ ಮೇಲೆ ಹೇಸಿಗೆಯಿತ್ತು. ಈಗ ತಮ್ಮ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಜೀವಮಾನದಲ್ಲಿ ಒಂದು ಇರುವೆಯನ್ನೂ ಕೊಲ್ಲದವಳು ಹನ್ನೊಂದು ಜೀವ ತೆಗೆದೆ, ಅದೂ ಯಾರ ಹೊಟ್ಟೆಗೂ ಅಲ್ಲ ಎಂದರು. ನನ್ನ ಕಾರಿನಲ್ಲೇ ಬಂದವು ಅವು.

ಮೋಕ್ಷಾ ಅಳತೊಡಗಿದಳು. “ನಾನು ಸುಮ್ನೆ ಹೇಳಿದ್ದು ಅತ್ತೆ. ಏಡಿ ಅಂದ್ರೆ ನೀವು ಮತ್ತೆ ಕೇಳುದಿಲ್ಲ ಅಂತ. ನಂಗೆ ಏನೂ ಬೇಡ ಇತ್ತು, ನೀವು ಕೇಳುದು ನಿಲ್ಲಿಸಿದ್ರೆ ಸಾಕಿತ್ತು.”

ನನಗೆ ಮೈ ಉರಿಯಿತು. ಇನ್ನೂರು ಕಿಲೋಮೀಟರ್ ಓಡಾಟ, ಆ ಗೋಣಿಚೀಲ, ಆ ನಾತ, ಎಲ್ಲ ಈ ಹುಡುಗಿ ಸುಮ್ಮನೆ ಆಡಿದ ಒಂದು ಮಾತಿಗೆ. ಲಲಿತಮ್ಮ ಮಾತ್ರ ತಲೆ ಎತ್ತಿ ಅವಳನ್ನು ನೋಡಿದರು.

“ಗೊತ್ತಿತ್ತು ಕಣೆ ಪುಟ್ಟಿ. ನಾನೇನು ದಡ್ಡಿಯಾ? ಆದ್ರೆ ಹದಿನೆಂಟು ದಿನಕ್ಕೆ ನಿನ್ನ ಬಾಯಲ್ಲಿ ಒಂದು ಊಟದ ಹೆಸರು ಬಂತು. ನಿಜಾನೋ ಸುಳ್ಳೋ ಅಂತ ವಿಚಾರಿಸ್ತಾ ಕೂರೋಕಾಗುತ್ತಾ?”

ಆಗ ವಾಷಿಂಗ್ ಮೆಷಿನ್ ಹಿಂದಿನಿಂದ ಪರ ಪರ ಸದ್ದು ಬಂತು.

ಮೋಕ್ಷಾ ಅತ್ತ ನೋಡಿದಳು, ಮೂಗೊರೆಸಿಕೊಂಡಳು. ಅದನ್ನು ಹಿಡಿಯುವುದು ಹೇಗೆಂದು ಅವಳೇ ಹೇಳಿಕೊಟ್ಟಳು: ಹಿಂದಿನಿಂದ, ಬೆನ್ನು ಒತ್ತಿ. ಲಲಿತಮ್ಮ ಹಾಗೇ ಹಿಡಿದು ಎತ್ತಿದರು. ನಲ್ಲಿಯ ನೀರು ಬೇಡ, ಫ್ರಿಜ್ಜಿನ ನೀರು ಎಂದಳು. ಉಪ್ಪು ಬೇಡ, ಅರಿಶಿನ ಬೇಡ. ಲಲಿತಮ್ಮ ಹಳೆಯ ಟೂತ್‌ಬ್ರಷ್ ತಂದರು. ಕೊಂಡಿ ಬೆರಳನ್ನು ಹಿಡಿದು ರಕ್ತ ಬಂದರೂ ಅವರು ಏಡಿಯನ್ನು ಬಿಡಲಿಲ್ಲ. ಹೊಟ್ಟೆಯ ಮಡಿಕೆ, ಕಾಲಿನ ಸಂದು, ಆ ಅಲ್ಲಾಡುವ ಕಣ್ಣುಗಳ ಸುತ್ತ, ಎಲ್ಲ ಕಡೆ ಉಜ್ಜಿದರು. ಮಧ್ಯೆ ಅದನ್ನು ಮಗ್ಗಿನಲ್ಲಿಟ್ಟು ಎರಡು ಸಲ ಬೇಸಿನ್ನಿಗೆ ಹೋಗಿ ವಾಂತಿ ಮಾಡಿಕೊಂಡು ಬಂದರು. ಮೂರನೇ ನೀರು ತಿಳಿಯಾಗಿ ಬಂದಾಗ ಮೋಕ್ಷಾ ಸಾಕು ಎಂದಳು. ಇವರು ಏಳನೇ ನೀರಿನವರೆಗೂ ನಿಲ್ಲಿಸಲಿಲ್ಲ.

ಕುದಿಯುವ ನೀರಿಗೆ ಹಾಕುವ ಕೆಲಸ ಮೋಕ್ಷಾಳೇ ಮಾಡಿದಳು. ಅದೂ ಅಡುಗೆಮನೆಯ ಒಲೆಯ ಮೇಲೇ, ಬೇರೆ ಒಲೆ ಎಲ್ಲಿಂದ ತರುವುದು? ನಾನು ಬಾಲ್ಕನಿಯ ಬಾಗಿಲು ತೆಗೆದು, ಆ ಕಾದ ಗಾಳಿಯಲ್ಲಿ ನಿಂತೆ. ಅವಳು ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಕಾಲುಗಳನ್ನು ಹಲ್ಲಿನಲ್ಲಿ ಕಟಕಟ ಕಡಿದು ಹೀರತೊಡಗಿದಳು. ನೋಡಲಾರದೆ ಮುಖ ತಿರುಗಿಸಿದೆ. ಹದಿನೈದು ನಿಮಿಷವಾಯಿತು, ಇಪ್ಪತ್ತಾಯಿತು, ಅವಳು ಬಾತ್‌ರೂಮಿಗೆ ಓಡಲಿಲ್ಲ.

ಲಲಿತಮ್ಮ ಎದುರಿಗೇ ಕುಳಿತಿದ್ದರು. ಸೆರಗು ಮೂಗಿಗೆ ಬಿಗಿಯಾಗಿ ಒತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ಎರಡು ಸಲ ಓಕರಿಕೆಯನ್ನು ಹಾಗೇ ನುಂಗಿಕೊಂಡರು. ಆದರೂ ಜಾಗ ಬಿಟ್ಟು ಏಳಲಿಲ್ಲ. ಮೋಕ್ಷಾ ಕೈ ತೊಳೆಯಲು ಎದ್ದಾಗ ಅವಳ ತಟ್ಟೆಯನ್ನೊಮ್ಮೆ ನೋಡಿದರು, ಸೆರಗಿನೊಳಗಿಂದಲೇ ಹೇಳಿದರು.

“ಅಲ್ಲೊಂದು ಕಾಲು ಬಿಟ್ಟಿದ್ದೀಯಲ್ಲೇ. ಅದನ್ನೂ ತಿಂದುಬಿಡು.”