ಬೆಣ್ಣಿಹಳ್ಳದ ದಂಡಿಮ್ಯಾಲೆ ಗಾಡಿ ಮಾಮಾ

ಮೊನ್ನೆ ನಮ್ಮ ಓಣ್ಯಾಗ ಒಂದು ವ್ಯಾನು ಬಂದು ನಿಂತಿತ್ತು. ಬಾಜೂ ಮನಿಯವರ ನೆಂಟರದು. ಗಂಡ, ಹೆಂಡತಿ, ಎಂಟು ತಿಂಗಳ ಕೂಸು, ಮೂವರೂ ಅದರಾಗ ಊರೂರು ತಿರುಗಾಕ ಹೊಂಟಿದ್ದರು. ಒಳಗ ಹಾಸಿಗಿ, ಗ್ಯಾಸಿನ ಒಲಿ, ಕೂಸಿಗೆ ಬ್ಯಾರೆ ತೊಟ್ಟಿಲ. ಹತ್ತಿ ನೋಡ್ರಿ ಅಜ್ಜಿ ಅಂತ ಆ ಹುಡುಗಿ ಕೈಹಿಡಿದು ಹತ್ತಿಸಿದ್ಲು. ಮ್ಯಾಲೆ ಸಾಮಾನಿಗೆ ಕಟ್ಟಿದ್ದ ತಾಡಪತ್ರಿ ಮಳಿಗೆ ತೊಯ್ದು ವಾಸನಿ ಹೊಡೀತಿತ್ತು. ಹಸಿ ತಾಡಪತ್ರಿ ವಾಸನಿ... ಅಷ್ಟಕ್ಕ ನನಗ ಗಾಡಿ ಮಾಮಾ ನೆನಪಾದರು.

ಮಾಮಾ ಅಂದ್ರ ರಕ್ತಸಂಬಂಧ ಏನಲ್ಲ. ಗಜೇಂದ್ರಗಡದಾಗ ನಮ್ಮ ತವರಮನಿ ಎದುರಿಗಿದ್ದವರು. ಒಂದು ಸವಾರಿ ಗಾಡಿ, ಒಂದು ಜೋಡಿ ಎತ್ತು, ಅದರ ಮ್ಯಾಲೇ ಅವರ ಸಂಸಾರ. ಮಾತು ಕಡಿಮಿ. ಕೇಳಿದ್ದಕ್ಕ ಉತ್ತರಾ ಬರಬೇಕಂದ್ರ ಮೊದಲ ತಂಬಾಕದ ಡಬ್ಬಿ ತಗೀಬೇಕು, ತಿಕ್ಕಬೇಕು, ಬಾಯಿಗೆ ಹಾಕ್ಕೋಬೇಕು, ಆಮ್ಯಾಲೆ ಮಾತು. ಅಷ್ಟೊತ್ತಿಗೆ ಕೇಳಿದವರು ಎದ್ದು ಹೋಗಿರತಿದ್ದರು.

ಅದು ಐವತ್ತರ ದಶಕ. ನನಗ ಆಗ ಇಪ್ಪತ್ತೆರಡು. ಮಗಳು ಹೊಟ್ಟ್ಯಾಗಿದ್ದಾಗನ ನಮ್ಮ ಮನಿಯವರು ಜ್ವರಾ ಬಂದು ತೀರಿಕೊಂಡಿದ್ದರು. ಕೂಸು ಹುಟ್ಟತಲೇ ಅಪ್ಪನ್ನ ನುಂಗಿ ಬಂದೈತಿ ಅಂತ ಅತ್ತೀಮನಿಯವರು ಮುಖಾ ನೋಡಾಕೂ ಬರಲಿಲ್ಲ. ಏಳನೇತ್ತೆ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ, ಅದೊಂದು ಪುಣ್ಯಾ. ಅರ್ಜಿ ಹಾಕಿದ್ದಕ್ಕ ಕೊಣ್ಣೂರಿನ ಹೆಣ್ಣುಮಕ್ಕಳ ಸಾಲಿಗೆ ಮಾಸ್ತರಿಕಿ ಆರ್ಡರ್ ಬಂತು. ಮುಂದಿನ ಸೋಮವಾರ ಸಂಜಿ ಸಾಲಿ ಬಿಡೋದರೊಳಗ ಹಾಜರಾಗಬೇಕು, ಇಲ್ಲಂದ್ರ ಆ ಜಾಗಾ ಮತ್ತೊಬ್ಬರಿಗೆ. ಕಾಗದ ನಮ್ಮ ಕೈಗೆ ಬಂದದ್ದು ಮಂಗಳವಾರ. ಮಳಿ ಹಿಡಿದು ಮೋಟಾರು ಬಸ್ಸು ಬಂದ್ ಆಗಿದ್ದವು.

ನಮ್ಮಣ್ಣ ಕೂಸನ್ನ ಅವ್ವನ ಹಂತೇಲಿ ಬಿಟ್ಟು ಹೋಗು ಅಂದ. ಆರು ತಿಂಗಳ ಕೂಸು, ಎದಿಹಾಲು ಕುಡಿಯೂದು, ಹ್ಯಾಂಗ ಬಿಡ್ಲಿ? ನನಗ ಸಿಟ್ಟು ಬಂತು. ಆಕೀನ ಬಿಟ್ಟು ನೌಕರಿ ಮಾಡೋದಾದ್ರ ಯಾರ ಸಲುವಾಗಿ ಮಾಡ್ಲಿ ಅಂದೆ. ಬಗಲಾಗ ಕೂಸು ಎತಗೊಂಡು ಸೀದಾ ಎದುರಿನ ಮನಿಗೆ ಹ್ವಾದೆ. ಮಾಮಾ ತಂಬಾಕ ತಿಕ್ಕಿದರು. ಆಕಾಶ ನೋಡಿದರು. ನಾಳಿ ಹೊತ್ತು ಮೂಡೂದಕ್ಕ ತಯಾರಿರು ಅಂದ್ರು.

ಆ ಗಾಡೀನ ನಮಗ ಎಂಟು ದಿನದ ಮನಿ ಆತು. ಕೆಳಗ ಹುಲ್ಲು, ಹುಲ್ಲಿನ ಮ್ಯಾಲೆ ಕೌದಿ, ಮ್ಯಾಲೆ ಬಿದಿರ ಕಮಾನಿಗೆ ತಾಡಪತ್ರಿ. ಕಮಾನಿಗೆ ನನ್ನ ಹಳೇ ಸೀರಿ ಕಟ್ಟಿ ಕೂಸಿಗೆ ಜೋಳಿಗಿ. ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ. ಎಲ್ಲಿ ಎತ್ತು ಬಿಡತಿದ್ವಿ ಅಲ್ಲಿ ಮೂರು ಕಲ್ಲು ಹೂಡಿ ಕೂಸಿಗೆ ನೀರು ಕಾಸತಿದ್ದೆ. ತೊಳದ ಅರಿಬಿ ಒಣಗಬೇಕಲ್ಲ, ಗಾಡಿ ಸುತ್ತೂ ಹಗ್ಗಾ ಕಟ್ಟಿ ಹಾಕಿದ್ದೆ. ರೋಣದಾಗ ಒಬ್ಬ ಮುದುಕ ಯಾವೂರ ಸಂತಿಗೆ ಹೊಂಟೈತ್ರಿ ಈ ಅರಿಬಿ ಅಂಗಡಿ ಅಂತ ಚಾಷ್ಟಿ ಮಾಡಿದ. ಮಾಮಾ ಮಾರೂದಿಲ್ಲ ಅಂದು ಮುಂದಕ್ಕ ಹೊಡದರು.

ನರೇಗಲ್ ದಾಟೂ ತನಕ ಚಲೋ ಹ್ವಾದ್ವಿ. ಆಮ್ಯಾಲೆ ಎರಿ ಮಣ್ಣು ನೋಡ್ರಿ. ಗಾಲಿಗೆ ಹತ್ತಿ ಹತ್ತಿ, ಗಾಲಿ ಹೋಗಿ ಮಣ್ಣಿನ ಉಂಡಿ ಆಗತಿತ್ತು. ಹತ್ತು ಮಾರಿಗೊಮ್ಮೆ ಮಾಮಾ ಇಳಿಯೋದು, ಕುಡಗೋಲಿಲೆ ಕೆರಿಯೋದು. ಗಾಡಿ ನಿಂತ್ರ ನನ್ನ ಮಗಳು ಕಿರಚತಿದ್ಲು. ಅದಕ್ಕ ಅವರು ಒಂದು ಕೈಲೆ ಮಣ್ಣು ಕೆರಕೊಂತ, ಇನ್ನೊಂದು ಕೈಲೆ ಎತ್ತಿನ ಕೊರಳ ಗೆಜ್ಜಿ ಅಲ್ಲಾಡಸ್ತಿದ್ದರು. ಕೂಸಿಗೆ ಗಾಡಿ ಹೊಂಟೈತಿ ಅನ್ನಿಸಬೇಕು ನೋಡು ಅನ್ನೋರು.

ಶನಿವಾರ ಸಂಜಿಮುಂದ ಬೆಣ್ಣಿಹಳ್ಳಕ್ಕ ಬಂದ್ವಿ. ಹಳ್ಳ ತುಂಬಿ ಕೆಂಪಗ ಹರೀತಿತ್ತು. ಆಚೀಕಡೆ ನರಗುಂದದ ದಾರಿ, ಅದರ ಮುಂದ ಕೊಣ್ಣೂರು. ನಮ್ಮಂಗ ಕಾಯಕೊಂತ ಇನ್ನೂ ಮೂರು ಗಾಡಿ ನಿಂತಿದ್ದವು. ಮಾಮಾ ಒಂದು ಜಾಲಿ ಗೂಟ ಕಡದು ನೀರಿನ ಅಂಚಿಗೆ ಸರೀ ಬಡದರು. ಗೂಟದಿಂದ ನೀರು ಎರಡು ಮೊಳ ಹಿಂದಕ್ಕ ಸರದ ಮ್ಯಾಲೇ ಗಾಡಿ ಇಳಸೋದು, ಅಲ್ಲೀತನಕ ದೇವರು ಬಂದು ಹೇಳಿದ್ರೂ ಇಲ್ಲ ಅಂದ್ರು. ಅವರ ಅಪ್ಪಾ ಕಲಿಸಿದ್ದು ಹಂಗ.

ಐತಾರ ಮಧ್ಯಾಹ್ನ ಆದ್ರೂ ನೀರು ಒಂದು ಗೇಣು ಸರದಿದ್ದಿಲ್ಲ. ನಾಳಿ ಸಂಜಿಗೆ ನೌಕರಿ ಹೋತು, ಅಣ್ಣನ ಮನಿ ಒಲಿ ಮುಂದ ಜಲಮಾ ಹೋತು, ಈ ಕೂಸಿನ ಗತಿ ಏನು... ಮಾಮಾ ಎತ್ತು ಮೇಯಸಾಕ ಅತ್ತಾಗ ಹೋಗಿದ್ದರು. ನಾ ಏನು ಮಾಡಿದೆ ಗೊತ್ತೇನು? ನೀರು ಸರದಂಗ ಕಾಣಲಿ ಅಂತ ಆ ಗೂಟ ಕಿತ್ತು, ಎರಡು ಮೊಳ ಮ್ಯಾಲೆ ತಂದು ಬಡದೆ. ಕೂಸಿನ ತಾಯಿ ನಾನು. ಖರೇ ಹೇಳತೀನಿ, ಆಗ ತಪ್ಪು ಅಂತ ಸುದ್ದಾ ಅನ್ನಿಸಲಿಲ್ಲ.

ಮಾಮಾ ಬಂದು ಗೂಟ ನೋಡಿದರು. ಗಾಡಿ ಹೂಡಾಕ ನೊಗಕ್ಕ ಕೈ ಹಚ್ಚಿದವರು ಹಂಗ ನಿಂತರು. ಎರಿ ಮಣ್ಣು ಏನನ್ನೂ ಮುಚ್ಚೂದಿಲ್ಲ. ಗೂಟ ಕಿತ್ತ ತೂತು ಹಂಗ ಬಾಯಿ ತಕ್ಕೊಂಡು ಕುಂತಿತ್ತು, ಬಾಜೂಕ ನನ್ನ ಹೆಜ್ಜಿ. ಮಾಮಾ ಗೂಟ ಕಿತ್ತು ಮೊದಲಿನ ತೂತಿನಾಗ ಇಟ್ಟು ಬಡದರು. ಬೈದಿದ್ರ ಚಲೋ ಇತ್ತು. ಜೋಳಿಗ್ಯಾಗ ಮಲಗಿದ್ದ ಕೂಸನ್ನ ಒಂದು ಸಲ ನೋಡಿ ನನ್ನ ಕಡೆ ತಿರಗಿದರು.

"ಅಷ್ಟು ಬೇಕಾಗೇತೇನಬೇ ನಿನಗ ಆ ನೌಕರಿ?"

"ಹೌದ್ರಿ ಮಾಮಾ."

"ಹಂಗಾದ್ರ ಆ ಕಾಗದಾ ಕೊಡು."

ಡಬ್ಬ್ಯಾಗಿನ ತಂಬಾಕ ಎಲ್ಲಾ ಹಳ್ಳಕ್ಕ ಝಾಡಿಸಿದರು. ಆರ್ಡರ್ ಕಾಗದಾ ಮಡಚಿ ಅದರಾಗ ಇಟ್ಟು, ಡಬ್ಬಿ ರುಮಾಲದಾಗ ಸುತ್ತಿ ತಲಿಗೆ ಕಟ್ಟಿದರು. ಬಾಜೂ ಗಾಡಿಯವರಿಗೆ ನಮ್ಮ ಹುಡುಗಿ ಕಡೆ ಲಕ್ಷ ಇಡ್ರಿ ಅಂತ ಹೇಳಿ, ದೊಡ್ಡ ಎತ್ತನ್ನ ನೀರಿಗೆ ಇಳಿಸಿ ಅದರ ಬಾಲಾ ಹಿಡಕೊಂಡರು. ಎತ್ತು ಈಸಿತು. ನಡುಹಳ್ಳದಾಗ ರುಮಾಲ ಒಂದ ಕಾಣತಿತ್ತು... ಒಮ್ಮೆ ಅದೂ ಕಾಣಲಿಲ್ಲ. ನಾ ಮಗಳನ್ನ ಅವಚಿಕೊಂಡು ನೌಕರಿ ಬ್ಯಾಡ, ಏನೂ ಬ್ಯಾಡ, ಅವರೊಬ್ಬರು ದಾಟಲಿ ಅಂದೆ. ಎಷ್ಟೋ ಕೆಳಗ, ಆಚೀ ದಂಡಿಗೆ ಎತ್ತು ಮೊದಲ ಹತ್ತಿತು, ಆಮ್ಯಾಲೆ ಅವರು.

ಮಂಗಳವಾರ ಹಳ್ಳ ಇಳಿದಿತ್ತು, ಗೂಟದಿಂದ ಎರಡು ಮೊಳಕ್ಕಿಂತ ಜಾಸ್ತೀನ. ಮಾಮಾ ಅದೇ ಎತ್ತು ಹೊಡಕೊಂಡು ಬಂದರು. ಕೊಣ್ಣೂರಿನ ಹೆಡ್ ಮಾಸ್ತರು ಕಾಗದದ ಹಿಂದ ಬರದಿದ್ದರು: ಹಳ್ಳ ಬಂದ ಕಾರಣ ತಡ, ಬುಧವಾರದ ತನಕ ಕಾಯಲಾಗುವುದು. ಬುಧವಾರ ಸಾಲಿ ಗಂಟಿ ಬಾರಿಸೋ ಹೊತ್ತಿಗೆ ಕೂಸು ಬಗಲಾಗ ಇಟಗೊಂಡು ನಾ ಹಾಜರಾದೆ. ಮೂವತ್ತು ವರ್ಷದ ಮ್ಯಾಲೆ ನೌಕರಿ ಮಾಡಿದೆ, ಮಗಳನ್ನ ಡಾಕ್ಟರಿಕಿ ಓದಿಸಿದೆ.

ಗೂಟದ ಸುದ್ದಿ ನಾನೂ ತಗೀಲಿಲ್ಲ, ಅವರೂ ತಗೀಲಿಲ್ಲ. ರಜಾದಾಗ ತವರಿಗೆ ಹ್ವಾದಾಗೊಮ್ಮೆ ತಪ್ಪಾತ್ರಿ ಮಾಮಾ ಅನಬೇಕು ಅಂತಿದ್ದೆ. ಮಾರಿ ನೋಡಿದ ಕೂಡಲೇ ಎತ್ತು ಹ್ಯಾಂಗದಾವ್ರಿ ಅಂತ ಕೇಳಿ ಎದ್ದು ಬರತಿದ್ದೆ. ನಾಕು ವರ್ಷ ಹಿಂಗ ಹೋದವು. ಐದನೇ ಮಳಿಗಾಲದಾಗ ಅವರು ತೀರಿಕೊಂಡರು ಅಂತ ತಾರು ಬಂತು. ಕೊಣ್ಣೂರಿನಿಂದ ಹೊಂಟು ಬಂದ್ರ, ಹಳ್ಳ ತುಂಬಿತ್ತು. ದಂಡಿಮ್ಯಾಲೆ ಒಂದು ಹಗಲು, ಒಂದು ರಾತ್ರಿ ಕುಂತೆ. ಗಜೇಂದ್ರಗಡ ಮುಟ್ಟಿದಾಗ ಮಣ್ಣಾಗಿ ಮೂರು ದಿನ ಆಗಿತ್ತು.

ಅವರ ಹೆಂಡತಿ, ನಮ್ಮ ಅತ್ತಿ, ನನ್ನ ತೆಕ್ಕಿಗೆ ಬಿದ್ದು ಅತ್ತರು. ಅವರ ಮುಂದರ ಹೇಳಿಬಿಡೋಣಂತ ಬಾಯಿ ತಗದೆ. ಅಷ್ಟರಾಗ ಅವರೇ ಅಂದ್ರು: "ಯಾರರ ಗಾಡ್ಯಾಗ ಕುಂತು ಅವಸರಾ ಮಾಡಿದ್ರ, ನಿನ್ನ ಹೆಸರು ಹೇಳತಿದ್ರು ನೋಡಬೇ. ಆ ಹುಡಿಗೀನ ನೋಡಿ ಕಲೀರಿ, ಹಸುಗೂಸು ಕಟಗೊಂಡು ಹಳ್ಳದ ದಂಡಿಮ್ಯಾಲೆ ಎಷ್ಟು ಶಾಂತ ಕುಂತಿದ್ಲು ಅಂತ."

ನಾ ತಗದ ಬಾಯಿ ಮುಚ್ಚಿದೆ. ಅತ್ತಿಗೂ ಹೇಳಲಿಲ್ಲ.

ವ್ಯಾನಿನವರು ಬೆಳಿಗ್ಗೆ ಹೊಂಟು ಹ್ವಾದರು. ಆ ಹುಡುಗಿ ಕಿಡಕ್ಯಾಗಿಂದ ಕೂಸಿನ ಕೈ ಎತ್ತಿ ಟಾಟಾ ಮಾಡಿಸಿದ್ಲು, ನಾನೂ ಮಾಡಿದೆ. ಈಗ ಹಳ್ಳಕ್ಕ ಪೂಲು ಆಗೇತಿ, ಕಣ್ಣು ಮುಚ್ಚಿ ತಗಿಯೂದರಾಗ ದಾಟತಾರ. ನನಗ ತೊಂಬತ್ತು ಹತ್ತರ ಬಂತು. ತಪ್ಪಾತ್ರಿ ಅನ್ನೋ ಆ ಮಾತು ಕೇಳಬೇಕಾದವರು ಒಬ್ಬರ ಇದ್ದರು, ಅವರಿಗೇ ನಾ ಹೇಳಲಿಲ್ಲ.