ಹೊಸ್ತಿಲ ಹೊರಗಿನ ಚಪ್ಪಲಿ

ಕೊಪ್ಪಳದ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಹಳೆಯ ಬೀಜದಂಗಡಿಯೊಂದನ್ನು ಬಾಡಿಗೆಗೆ ಹಿಡಿದು, ಸುತ್ತಲಿನ ಹೊಸ ಕಲಾವಿದರ ಚಿತ್ರಗಳನ್ನು ತೂಗುಹಾಕಿ ಗ್ಯಾಲರಿ ಮಾಡಿದ್ದರು ನನ್ನ ಪರಿಚಯದ ಡ್ರಾಯಿಂಗ್ ಮಾಸ್ತರೊಬ್ಬರು. ಬಾಗಿಲಿಗೆ ಬಂದವರು ಕೇಳುತ್ತಿದ್ದುದು ಝೆರಾಕ್ಸ್.

“ಅದು ಬಾಜೂ ಅಂಗಡ್ಯಾಗ ಐತ್ರಿ. ಹೆಂಗೂ ಬಂದೀರಿ, ನೋಡಿ ಹೋಗ್ರಿ.” ಎಲ್ಲರಿಗೂ ಇದೇ ಮಾತು. ಯಾರೂ ಒಳಗೆ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹೋದಾಗ ಹೊಸ್ತಿಲ ಹೊರಗೆ ನಾಲ್ಕೈದು ಜೊತೆ ಚಪ್ಪಲಿ ಕಂಡು ನನಗೆ ಭಾರಿ ಖುಷಿಯಾಯಿತು. ಒಳಗೆ ನೋಡಿದರೆ ಮಾಸ್ತರು ಒಬ್ಬರೇ ಚಿತ್ರಗಳ ಧೂಳು ಒರೆಸುತ್ತಿದ್ದರು.

“ಮಂದಿ ಎಲ್ರೀ ಸರ್?”

“ಎಲ್ಲಾ ನನ್ನವೇ ಚಪ್ಪಲಿ,” ನಕ್ಕರು. “ಹೊರಗ ಚಪ್ಪಲಿ ಇದ್ರ, ಒಳಗ ಏನೋ ನಡದೈತಿ ಅಂತ ಹಣಿಕಿ ಹಾಕ್ತಾರ್ರಿ.”

ಸಂಜೆಯವರೆಗೂ ಯಾರೂ ಹಣಿಕಿ ಹಾಕಲಿಲ್ಲ. ಹೊರಟಾಗ ಬಾಗಿಲತನಕ ಬಂದವರು ನನ್ನ ಚಪ್ಪಲಿಯನ್ನೇ ನೋಡುತ್ತ ನಿಂತರು.

“ಇವನ್ನ ಇಲ್ಲೇ ಬಿಟ್ಟು ಹೋಗ್ತೀರೇನ್ರಿ? ನನ್ನವು ಓಣಿ ಮಂದಿಗೆಲ್ಲಾ ಗುರ್ತು ಸಿಕ್ಕಾವ.”

ಬದಲಿಗೆ ತಮ್ಮದೊಂದು ಜೊತೆ ಕೊಡಲು ಬಂದರು. ಹೊಸ್ತಿಲಲ್ಲಿ ಒಂದು ಜೊತೆ ಕಮ್ಮಿಯಾಗುತ್ತದಲ್ಲ ಎಂದು ನಾನು ಬೇಡವೆಂದೆ. ಯಲಬುರ್ಗಾ ಬಸ್ಸನ್ನು ಬರಿಗಾಲಲ್ಲೇ ಹತ್ತಿದೆ.