ಹಚ್ಚದ ಬೀಡಿ

ಅರಸೀಕೆರೆಯ ತೆಂಗಿನ ನಾರಿನ ಕಾರ್ಖಾನೆಯಲ್ಲಿದ್ದಾಗ, ತಪಾಸಣೆಗೆ ಬಂದ ಡಾಕ್ಟರು ನನ್ನ ಬಿಪಿ ನೋಡಿ, "ಹಾರ್ಟು ಉಳೀಬೇಕಂದ್ರೆ ಬೀಡಿ ಬಿಡ್ರೀ" ಅಂದರು. ಅವತ್ತೇ ಬಿಟ್ಟೆ.

ತೊಂದರೆ ಶುರುವಾಗಿದ್ದು ಮಾರನೇ ದಿನ. ನಮ್ಮಲ್ಲಿ ಊಟದ ಹೊತ್ತು ಬಿಟ್ಟರೆ ಆ ನಾರಿನ ಧೂಳಿನಿಂದ ಆಚೆ ಬರೋಕೆ ಬಿಡುತ್ತಿದ್ದದ್ದು ಬೀಡಿ ಸೇದೋರನ್ನು ಮಾತ್ರ. ನಾನು ಎಂದಿನಂತೆ ಹೊಂಗೆ ಮರದ ಕೆಳಗೆ ಹೋಗಿ ನಿಂತೆ. ಅಲ್ಲೇ ಸೇದುತ್ತಿದ್ದ ಸೂಪರ್‌ವೈಸರ್, "ಬೀಡಿ ಬಿಟ್ಟೋನಿಗೆ ಇಲ್ಲೇನ್ಲಾ ಕೆಲ್ಸ? ನಡಿ ಮಿಷನ್ ಹತ್ರ" ಅಂದ.

"ಬೀಡಿ ಬಿಟ್ಟಿವ್ನಿ ಸಾರ್, ಉಸಿರಾಡೋದು ಬಿಟ್ಟಿಲ್ಲ" ಅಂದೆ.

"ಬೀಡಿ ಇದ್ದೋರಿಗಷ್ಟೇ ಬಿಡುವು. ರೂಲ್ಸು ಅಂದ್ರೆ ರೂಲ್ಸು."

ಪಕ್ಕದವನ ಹತ್ತಿರ ಒಂದು ಬೀಡಿ ಇಸ್ಕೊಂಡು, ಹಚ್ಚದೆ ತುಟಿಗೆ ಸಿಕ್ಕಿಸಿಕೊಂಡು, ಸೂಪರ್‌ವೈಸರ್ ಎದುರಿಗೇ ನಿಂತೆ. ಹಚ್ಚಲೇಬೇಕು ಅಂತ ಅವನ ರೂಲ್ಸಿನಲ್ಲಿ ಇರಲಿಲ್ಲವಲ್ಲ!

ಜೇಬಿನಲ್ಲಿಟ್ಟುಕೊಂಡ ಆ ಒಂದೇ ಬೀಡಿ ನನಗೆ ಆ ಕಾರ್ಖಾನೆ ಬಿಡೋವರೆಗೂ ಬಾಳಿಕೆ ಬಂತು.